ಎಳನೀರು ಬಿಟ್ಟವರ ಊಟ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ತೋಟದಲ್ಲೂ ಅಟ್ಟದಲ್ಲೂ ಅಡುಗೆಮನೆಯಲ್ಲೂ ಒಟ್ಟಿಗೇ ನೆಲೆಸಿರುವ ಬೆಳೆ. ಕೆಡವಿದ ಕಾಯಿಯಲ್ಲಿ ದೊಡ್ಡ ಪಾಲು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ, ಉಳಿದದ್ದು ಸಾರು, ಚಟ್ನಿ, ಪಲ್ಯಗಳಿಗೆ ತುರಿಯಾಗಿ ಬೀಳುತ್ತದೆ, ಬಿಸಿಲಲ್ಲಿ ಬಂದ ನೆಂಟರ ಕೈಗೆ ಕೆತ್ತಿದ ಎಳನೀರು ಬರುತ್ತದೆ. ಇದರ ಜೊತೆಗೆ ರಾಗಿ ಮುದ್ದೆ, ಹುರುಳಿ, ಅವರೆ, ಅಲಸಂದೆ, ಹೊಲದ ಬದುವಿನ ಸೊಪ್ಪು, ಹುಣಸೆ, ಬೆಲ್ಲ ಸೇರಿದರೆ ಈ ಸೀಮೆಯ ದಿನದ ಊಟ ಪೂರ್ತಿಯಾಗುತ್ತದೆ. ದುಡಿಯುವ ದೇಹಕ್ಕೆ ಇದಕ್ಕಿಂತ ಒಳ್ಳೆಯ ಊಟ ಸಿಗುವುದು ಕಷ್ಟವೆಂದು ಯಾವ ಆಹಾರ ತಜ್ಞರಾದರೂ ಒಪ್ಪುತ್ತಾರೆ. ಆದರೆ ಮೂತ್ರಪಿಂಡಗಳು ಕೈಕೊಟ್ಟ ವ್ಯಕ್ತಿಗೆ ಆಸ್ಪತ್ರೆಯಲ್ಲಿ ಕೊಡುವ ಪಥ್ಯದ ಚೀಟಿಯಲ್ಲಿ ಇದೇ ಪದಾರ್ಥಗಳು ಹೆಚ್ಚುಕಡಿಮೆ ಒಂದೂ ತಪ್ಪದೆ ‘ಬೇಡ’ ಎಂಬ ತಲೆಬರಹದ ಕೆಳಗೆ ಸಾಲಾಗಿ ನಿಲ್ಲುತ್ತವೆ, ಮತ್ತು ‘ತಿನ್ನಬಹುದು’ ಎಂಬ ಕಡೆ ಸೇಬು, ಬ್ರೆಡ್ಡು, ಎಲೆಕೋಸಿನಂಥ ಪೇಟೆಯ ಸಾಮಾನುಗಳು ಉಳಿಯುತ್ತವೆ.

ಇಂಥ ಚೀಟಿ ಕೆಲವೇ ವಾರಗಳಲ್ಲಿ ಮೂಲೆ ಸೇರುವುದಕ್ಕೆ ರೋಗಿಯ ನಾಲಿಗೆ ಚಪಲವನ್ನು ದೂರುವುದು ವಾಡಿಕೆ. ಅದು ನ್ಯಾಯವಲ್ಲ. ಯಾವ ಊಟದ ಮೇಲೆ ಐವತ್ತು ಅರವತ್ತು ವರ್ಷ ಬದುಕು ನಡೆದಿದೆಯೋ ಅದನ್ನು ಪೂರ್ತಿ ಅಳಿಸಿಹಾಕುವ ಪಥ್ಯವನ್ನು ಬದುಕಿರುವಷ್ಟು ದಿನ ಪಾಲಿಸಲು ಯಾರಿಂದಲೂ ಆಗುವುದಿಲ್ಲ. ಅದೇ ಊಟದೊಳಗಿನ ಯಾವ ಪಾಲು ಅಪಾಯದ್ದು, ಯಾವುದು ಅಲ್ಲ ಎಂದು ಬಿಡಿಸಿ ಹೇಳುವ ಪಥ್ಯವನ್ನು ಪಾಲಿಸಲು ಆಗುತ್ತದೆ. ತೆಂಗಿನ ಸೀಮೆಯ ಅಡುಗೆಯಲ್ಲಿ ಹಾಗೆ ಬಿಡಿಸಿ ನೋಡುವುದಕ್ಕೆ ಬೇಕಾದ ವಿಧಾನ ಮೊದಲಿನಿಂದಲೂ ಇದೆ ಎಂಬುದನ್ನು ಪಥ್ಯ ಬರೆಯುವವರು ಗಮನಿಸಿಲ್ಲ.

ಆರೋಗ್ಯವಂತ ಮೂತ್ರಪಿಂಡವೊಂದರಲ್ಲಿ ನೆಫ್ರಾನ್ ಎಂದು ಕರೆಯುವ ಸುಮಾರು 10 ಲಕ್ಷ ಸೋಸುವ ಘಟಕಗಳಿರುತ್ತವೆ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬೇಕಾದದ್ದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಗೆ ಕಳಿಸುತ್ತವೆ. ತಿಂದ ಪೊಟ್ಯಾಸಿಯಂ, ಸೋಡಿಯಂ, ರಂಜಕ ಮುಂತಾದ ಲವಣಗಳಲ್ಲಿ ದೇಹಕ್ಕೆ ಬೇಡವಾದದ್ದು, ಪ್ರೋಟೀನ್ ಕರಗಿದ ಮೇಲೆ ಉಳಿಯುವ ಯೂರಿಯಾ, ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ಎಲ್ಲಕ್ಕೂ ಇದೇ ಮುಖ್ಯ ದಾರಿ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ವರ್ಷಗಟ್ಟಲೆ ಹತೋಟಿ ತಪ್ಪಿದಾಗ, ಇಲ್ಲವೇ ಬೇರೆ ಕಾಯಿಲೆಗಳಿಂದ, ಈ ಘಟಕಗಳು ಒಂದೊಂದಾಗಿ ಕೆಡುತ್ತವೆ. ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಎಂಬ ಲೆಕ್ಕದ ಮೇಲೆ ವೈದ್ಯರು ಈ ಇಳಿಕೆಯನ್ನು ಐದು ಹಂತಗಳಾಗಿ ವಿಂಗಡಿಸಿದ್ದು, ಆ ಅಂಕಿ 15ಕ್ಕಿಂತ ಕೆಳಗೆ ಬಂದ ಕೊನೆಯ ಹಂತವನ್ನು ಮೂತ್ರಪಿಂಡ ವೈಫಲ್ಯ ಎನ್ನುತ್ತಾರೆ. ಆ ಹಂತದಲ್ಲಿ ಯಂತ್ರದ ಮೂಲಕ ರಕ್ತ ಶುದ್ಧಿ ಮಾಡುವ ಹೀಮೋಡಯಾಲಿಸಿಸ್ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ವಾರದ 168 ಗಂಟೆಗಳಲ್ಲಿ ಹೆಚ್ಚೆಂದರೆ 12 ಗಂಟೆ ಮಾತ್ರ ರಕ್ತ ಸೋಸಲ್ಪಡುತ್ತದೆ, ಉಳಿದ ಗಂಟೆಗಳಲ್ಲಿ ತಿಂದದ್ದು, ಕುಡಿದದ್ದು ಹೊರಹೋಗದೆ ದೇಹದಲ್ಲೇ ಶೇಖರವಾಗುತ್ತದೆ ಎಂಬುದನ್ನು ನೆನಪಿಟ್ಟರೆ ಪಥ್ಯದ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ.

ಶೇಖರವಾಗುವ ವಸ್ತುಗಳಲ್ಲಿ ಪೊಟ್ಯಾಸಿಯಂ ಎಲ್ಲಕ್ಕಿಂತ ಅವಸರದ ಅಪಾಯ. ನರ ಮತ್ತು ಸ್ನಾಯುಗಳ ಕೆಲಸಕ್ಕೆ, ಹೃದಯದ ಲಯಬದ್ಧ ಬಡಿತಕ್ಕೆ ಅಗತ್ಯವಾದ ಈ ಲವಣ ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್‌ಗಳ ನಡುವೆ ಇರಬೇಕು, 6.5 ದಾಟಿದರೆ ಹೃದಯದ ಲಯ ತಪ್ಪಿ, ಎಚ್ಚರಿಕೆಯ ಲಕ್ಷಣವೇ ಇಲ್ಲದೆ ಬಡಿತ ನಿಂತುಹೋಗುವ ಸಂಭವವಿರುತ್ತದೆ. ನೋವಿಲ್ಲ, ಜ್ವರವಿಲ್ಲ, ಹೆಚ್ಚೆಂದರೆ ಕೈಕಾಲು ಸೋತಂತಾಗುವ ಅನುಭವ. ಹೀಗೆ ಸದ್ದಿಲ್ಲದೆ ಬರುವ ಅಪಾಯವಾದ್ದರಿಂದಲೇ ಅದನ್ನು ನಂಬಿಸುವುದು ಕಷ್ಟ. ತೆಂಗಿನ ಸೀಮೆಯಲ್ಲಂತೂ ಎಲ್ಲರೂ ಅಮೃತವೆಂದು ನಂಬಿದ ಪಾನೀಯದಲ್ಲೇ ಅದು ಇರುವುದರಿಂದ ಕಷ್ಟ ಇಮ್ಮಡಿಯಾಗುತ್ತದೆ.

ಎಳನೀರಿನ ನೂರು ಮಿಲಿಲೀಟರಿನಲ್ಲಿ, ಕಾಯಿ ಎಷ್ಟು ಬಲಿತಿದೆ ಎಂಬುದಕ್ಕೆ ತಕ್ಕಂತೆ, ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. 300 ಮಿಲಿಲೀಟರ್ ನೀರಿರುವ ಒಂದು ಸಾಧಾರಣ ಎಳನೀರೆಂದರೆ 600ರಿಂದ 750 ಮಿಲಿಗ್ರಾಂ. ಡಯಾಲಿಸಿಸ್‌ನಲ್ಲಿರುವವರಿಗೆ ಇಡೀ ದಿನದ ಎಲ್ಲ ಊಟ ತಿಂಡಿಗಳಿಂದ ಸೇರಿ 2000ದಿಂದ 2500 ಮಿಲಿಗ್ರಾಂ ಮೀರದಿರಲಿ ಎಂದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿರುವುದರಿಂದ, ದಿನದ ಪಾಲಿನ ಕಾಲುಭಾಗಕ್ಕೂ ಮಿಕ್ಕಿದ್ದು ಎರಡು ನಿಮಿಷದಲ್ಲಿ ಗಂಟಲಿಳಿಯುತ್ತದೆ. ಘನ ಆಹಾರದ ಪೊಟ್ಯಾಸಿಯಂ ನಿಧಾನವಾಗಿ ಜೀರ್ಣವಾಗುತ್ತ ರಕ್ತ ಸೇರಿದರೆ, ನೀರಿನಲ್ಲಿ ಕರಗಿರುವುದು ಬೇಗ ಸೇರುತ್ತದೆ. ಅತಿಯಾಗಿ ಎಳನೀರು ಕುಡಿದು ರಕ್ತದ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಮೂತ್ರಪಿಂಡದ ಕಲ್ಲು ಮತ್ತು ಮೂತ್ರಪಿಂಡ ವೈಫಲ್ಯ ಎರಡನ್ನೂ ಜನ ‘ಕಿಡ್ನಿ ಪ್ರಾಬ್ಲಂ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ. ಕಲ್ಲಿನ ತೊಂದರೆ ಇರುವವರಿಗೆ ಹೆಚ್ಚು ನೀರು ಕುಡಿಯಿರಿ ಎಂಬ ಸಲಹೆ ಸರಿಯಾದದ್ದು, ಎಳನೀರು, ಬಾಳೆದಿಂಡಿನ ರಸ, ಬಾರ್ಲಿ ನೀರು ಅಂಥವರಿಗೆ ಒಗ್ಗುತ್ತವೆ. ಅದೇ ಮಾತನ್ನು ಡಯಾಲಿಸಿಸ್‌ನಲ್ಲಿರುವವರಿಗೆ ಅನ್ವಯಿಸಿದರೆ ಪೊಟ್ಯಾಸಿಯಂ ಮತ್ತು ನೀರು ಎರಡೂ ಒಟ್ಟಿಗೆ ಹೆಚ್ಚುತ್ತವೆ. ರೋಗಿಯನ್ನು ನೋಡಲು ಬರುವವರು ಪ್ರೀತಿಯಿಂದ ತರುವುದು ಎಳನೀರನ್ನೇ, ‘ಒಂದು ಕುಡಿದರೆ ಏನಾಗುತ್ತೆ, ಒಡಲು ತಂಪಾಗುತ್ತೆ’ ಎಂದು ಒತ್ತಾಯಿಸುವುದೂ ಪ್ರೀತಿಯಿಂದಲೇ, ಬೇಡವೆಂದರೆ ಬೇಸರವಾಗುವುದೂ ನಿಜ. ಹೀಗಾಗಿ ಬೇಡವೆನ್ನುವ ಹೊಣೆಯನ್ನು ರೋಗಿಯ ಮೇಲೆ ಹೊರಿಸದೆ ಮನೆಯವರೇ ಬಾಗಿಲಲ್ಲಿ ಹೇಳಿಬಿಡುವುದು ಒಳ್ಳೆಯದು. ಆರೋಗ್ಯವಂತರ ಮೂತ್ರಪಿಂಡವನ್ನು ಎಳನೀರು ಕೆಡಿಸುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಕೂಡ ತೆಂಗು, ಗೋಡಂಬಿಗಳ ಸೀಮೆ. ಅಲ್ಲಿ ಮೂತ್ರಪಿಂಡ ಕಾಯಿಲೆ ದಶಕಗಳಿಂದ ವ್ಯಾಪಕವಾಗಿದ್ದು ಅದರ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲವಾದರೂ, ಯಾರೂ ತೆಂಗನ್ನು ಅದರ ಮೂಲವೆಂದು ತೋರಿಸಿಲ್ಲ. ಸೋಸುವ ಶಕ್ತಿ ಹೋದ ಮೇಲೆ ಮಾತ್ರ ಎಳನೀರು ಅಪಾಯವಾಗುತ್ತದೆ.

ಎಳನೀರು ಬಿಡಬೇಕೆಂದ ಕೂಡಲೇ ಅನೇಕ ಮನೆಗಳಲ್ಲಿ ಸಾರಿಗೆ ಕಾಯಿ ಹಾಕುವುದನ್ನೂ ನಿಲ್ಲಿಸಿಬಿಡುತ್ತಾರೆ, ಆಮೇಲೆ ಊಟ ರುಚಿಸದೆ ರೋಗಿ ಅರ್ಧಹೊಟ್ಟೆಯಲ್ಲಿ ಏಳುತ್ತಾರೆ. ಲೆಕ್ಕ ಹಾಕಿದರೆ ಇದು ಅನಗತ್ಯವಾದ ತ್ಯಾಗ. ಬಲಿತ ಹಸಿ ಕಾಯಿಯ ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೂ, ಒಬ್ಬರ ಪಾಲಿನ ಪಲ್ಯಕ್ಕೆ ಬೀಳುವ ತುರಿ ಹತ್ತು ಇಪ್ಪತ್ತು ಗ್ರಾಂ ಮೀರುವುದಿಲ್ಲವಾದ್ದರಿಂದ ಅದರಿಂದ ಬರುವುದು ಹೆಚ್ಚೆಂದರೆ 70 ಮಿಲಿಗ್ರಾಂ. ಒಣಗಿ ನೀರಿನಂಶ ಕಳೆದುಕೊಂಡ ಕೊಬ್ಬರಿಯಲ್ಲಿ ಲವಣ ಸಾಂದ್ರವಾಗುವುದರಿಂದ ನೂರು ಗ್ರಾಂಗೆ 500 ಮಿಲಿಗ್ರಾಂ ದಾಟುತ್ತದೆ. ಕೊಬ್ಬರಿ ಮಿಠಾಯಿ, ಬಾಯಾಡಿಸಲು ಕೊಬ್ಬರಿ ಬೆಲ್ಲ ಎರಡನ್ನೂ ಬಿಡುವುದೇ ಸರಿ. ಕೊಬ್ಬರಿ ಎಣ್ಣೆಯಲ್ಲಿ ಪೊಟ್ಯಾಸಿಯಂ ಇಲ್ಲವೇ ಇಲ್ಲ. ಅಂದರೆ ಒಂದೇ ಮರದ ನಾಲ್ಕು ರೂಪಗಳಿಗೆ ನಾಲ್ಕು ಬೇರೆ ಬೇರೆ ತೀರ್ಪು ಕೊಡಬೇಕಾಗುತ್ತದೆ: ಎಳನೀರು ಪೂರ್ತಿ ಬೇಡ, ಕೊಬ್ಬರಿ ಬಲು ಅಪರೂಪ, ಕಾಯಿತುರಿ ಅಳತೆಯಲ್ಲಿ, ಎಣ್ಣೆಗೆ ಅಡ್ಡಿಯಿಲ್ಲ. ‘ತೆಂಗು ಬೇಡ’ ಎಂಬ ಎರಡು ಪದದ ಸೂಚನೆ ಈ ವ್ಯತ್ಯಾಸವನ್ನೆಲ್ಲ ನುಂಗಿಹಾಕುತ್ತದೆ.

ರಾಗಿಯ ವಿಷಯ ಇನ್ನಷ್ಟು ನೋವಿನದು, ಯಾಕೆಂದರೆ ಮುದ್ದೆ ಇಲ್ಲದ ಊಟವನ್ನು ಊಟವೆಂದೇ ಒಪ್ಪದ ಹಿರಿಯರು ಇಲ್ಲಿ ಬಹಳ ಮಂದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 440 ಮಿಲಿಗ್ರಾಂ ಪೊಟ್ಯಾಸಿಯಂ, 210 ಮಿಲಿಗ್ರಾಂ ರಂಜಕ ಇದ್ದರೆ, ಅಷ್ಟೇ ಅಕ್ಕಿಯಲ್ಲಿ ಇರುವುದು ಕ್ರಮವಾಗಿ 110 ಮತ್ತು 100ರ ಆಸುಪಾಸು. ಪ್ರೋಟೀನ್ ಎರಡರಲ್ಲೂ ಏಳೆಂಟು ಗ್ರಾಂ. ಜೊತೆಗೆ ಮುದ್ದೆಯ ತೂಕದ ಮೂರರಲ್ಲಿ ಎರಡು ಪಾಲಿನಷ್ಟು ನೀರು. ಹೀಗಿದ್ದೂ ರಾಗಿಯನ್ನು ಸಾಯುವವರೆಗೆ ಮುಟ್ಟಬಾರದೆಂದು ವಿಧಿಸುವುದಕ್ಕೆ ಆಧಾರ ಸಾಲದು. ಧಾನ್ಯ ಮತ್ತು ಕಾಳುಗಳ ರಂಜಕ ಫೈಟೇಟ್ ಎಂಬ ರೂಪದಲ್ಲಿ ಬಂಧಿತವಾಗಿರುವುದರಿಂದ ಮನುಷ್ಯನ ಕರುಳು ಅದರಲ್ಲಿ ಅರ್ಧವನ್ನೂ ಹೀರಿಕೊಳ್ಳಲಾರದು, ಆದರೆ ಪೊಟ್ಟಣದ ತಿಂಡಿ, ಬಾಟಲಿಯ ಕಪ್ಪು ಪಾನೀಯ, ಸಂಸ್ಕರಿಸಿದ ಚೀಸ್‌ಗಳಿಗೆ ಬೆರೆಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತ ಸೇರುತ್ತದೆ. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ 2020ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿ ಕೂಡ ಎಲ್ಲರಿಗೂ ಒಂದೇ ಪೊಟ್ಯಾಸಿಯಂ ಮಿತಿ ಹೇರುವುದನ್ನು ಬಿಟ್ಟು, ಆಯಾ ರೋಗಿಯ ರಕ್ತದಲ್ಲಿ ಎಷ್ಟಿದೆ ಎಂಬುದನ್ನು ನೋಡಿ ಊಟ ಹೊಂದಿಸಿ ಎನ್ನುತ್ತದೆ. ತಿಂಗಳ ರಕ್ತಪರೀಕ್ಷೆಯಲ್ಲಿ ಅಂಕಿ ಹಿತವಾಗಿದ್ದರೆ ಮಧ್ಯಾಹ್ನ ಅರ್ಧ ಮುದ್ದೆ, ಅದರ ಜೊತೆಗೆ ಅನ್ನ, ಏರಿದ್ದರೆ ಅನ್ನ ಅಥವಾ ಅಕ್ಕಿರೊಟ್ಟಿ ಮಾತ್ರ ಎಂಬ ಏರ್ಪಾಡಿಗೆ ವೈದ್ಯರು ಒಪ್ಪುವ ಸಂದರ್ಭಗಳಿವೆ, ಕೇಳಬೇಕಷ್ಟೆ.

ಮುದ್ದೆಗೆ ಜೋಡಿಯಾಗುವ ಸಾರಿನಲ್ಲಿ ಈ ಸೀಮೆಯ ಪಥ್ಯದ ಬೀಗದ ಕೈ ಇದೆ. ಬಸ್ಸಾರು ಮಾಡುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಹುರುಳಿಕಾಳು, ಅಲಸಂದೆ ಅಥವಾ ತೊಗರಿಬೇಳೆಯನ್ನು ಧಾರಾಳ ನೀರಿನಲ್ಲಿ ಬೇಯಲು ಇಟ್ಟು, ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಹಾಕಿ, ಎಲ್ಲ ಬೆಂದ ನಂತರ ಪಾತ್ರೆಯ ಬಾಯಿಗೆ ತಟ್ಟೆ ಹಿಡಿದು ನೀರನ್ನು ಪೂರ್ತಿ ಬಸಿಯುತ್ತಾರೆ. ಬಸಿದ ನೀರಿಗೆ ಕಟ್ಟು ಎಂದು ಹೆಸರು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಕಾಯಿ, ಹುಣಸೆಯ ಜೊತೆಗೆ ಬೆಂದ ಕಾಳುಸೊಪ್ಪಿನಲ್ಲೇ ಒಂದು ಹಿಡಿ ಹಾಕಿ ರುಬ್ಬಿ, ಆ ಖಾರವನ್ನು ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಬಸಿದ ಮೇಲೆ ಪಾತ್ರೆಯಲ್ಲಿ ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಪೊಟ್ಯಾಸಿಯಂ ನೀರಿನಲ್ಲಿ ಸುಲಭವಾಗಿ ಕರಗುವ ಲವಣ. ಕುದಿಯುವಾಗ ಕಾಳು, ಸೊಪ್ಪುಗಳ ಜೀವಕೋಶ ಒಡೆದು ಅದು ಹೊರಬರುತ್ತದೆ, ಬಂದದ್ದೆಲ್ಲ ಕಟ್ಟಿನಲ್ಲಿ ಉಳಿಯುತ್ತದೆ. ಒಂದೇ ಪಾತ್ರೆಯ ಎರಡು ಅಡುಗೆಗಳಲ್ಲಿ ಸಾರು ಪೊಟ್ಯಾಸಿಯಂ ತುಂಬಿದ್ದು, ಪಲ್ಯ ಅದನ್ನು ಬಹುಮಟ್ಟಿಗೆ ಕಳೆದುಕೊಂಡದ್ದು. ಮೂತ್ರಪಿಂಡ ರೋಗಿಗಳ ಪಥ್ಯದಲ್ಲಿ ಪೊಟ್ಯಾಸಿಯಂ ಇಳಿಸಲು ಪ್ರಪಂಚದೆಲ್ಲೆಡೆ ಹೇಳಿಕೊಡುವ ವಿಧಾನ, ಅಂದರೆ ತರಕಾರಿಯನ್ನು ಸಣ್ಣಗೆ ಹೆಚ್ಚಿ ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲುವುದು, ಈ ಮನೆಗಳಲ್ಲಿ ತಲೆಮಾರುಗಳಿಂದ ನಡೆದಿದೆ. ನೀರನ್ನು ಚೆಲ್ಲದೆ ಸಾರು ಮಾಡುತ್ತಿದ್ದರು ಎಂಬುದೊಂದೇ ವ್ಯತ್ಯಾಸ.

ಆದ್ದರಿಂದ ಬಸ್ಸಾರಿನ ದಿನ ರೋಗಿಗೆಂದು ಬೇರೆ ಒಲೆ ಹಚ್ಚುವ ಅಗತ್ಯವಿಲ್ಲ. ಸಾರು ಉಳಿದವರಿಗೆ, ಪಲ್ಯದ ಅಳತೆಯ ಪಾಲು ಅನ್ನದ ಜೊತೆಗೆ ರೋಗಿಗೆ, ಬಾಯಿ ಕೇಳಿದರೆ ಸಾರು ಎರಡು ಚಮಚ. ಉಳಿದ ದಿನಗಳಲ್ಲಿ ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಬೆಂದ ಮೊದಲ ನೀರನ್ನೂ ಬಸಿದು, ಹೊಸ ನೀರಿನಲ್ಲಿ ಅಡುಗೆ ಮುಗಿಸಬಹುದು. ಅಮೆರಿಕದಲ್ಲಿ ಆಲೂಗಡ್ಡೆಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಣ್ಣೀರಿನಲ್ಲಿ ನೆನೆಸಿಡುವುದರಿಂದಷ್ಟೇ ಹೆಚ್ಚು ಪ್ರಯೋಜನವಿಲ್ಲ, ಹೋಳು ಮಾಡಿ ಕುದಿಸಿದರೆ ಅರ್ಧದಷ್ಟು, ತುರಿದು ಕುದಿಸಿದರೆ ಮುಕ್ಕಾಲಿನಷ್ಟು ಪೊಟ್ಯಾಸಿಯಂ ಹೋಗುತ್ತದೆ ಎಂದು ತೋರಿಸಿತು. ಇದರರ್ಥ ರಾತ್ರಿಯಿಡೀ ನೆನೆಸಿದ ತೃಪ್ತಿಯಲ್ಲಿ ಬಸಿಯುವುದನ್ನು ಬಿಡಬಾರದು ಎಂದು. ಕುಕ್ಕರ್ ಬಂದ ಮೇಲೆ ಬಸಿಯುವ ರೂಢಿಯೇ ಕಡಿಮೆಯಾಗಿರುವುದು ಇಲ್ಲಿ ಗಮನಾರ್ಹ: ಅಳತೆಯ ನೀರು ಹಾಕಿ ಮೂರು ಕೂಗು ಕೂಗಿಸಿದಾಗ ಲವಣವೆಲ್ಲ ಒಳಗೇ ಉಳಿಯುತ್ತದೆ. ರೋಗಿಯಿರುವ ಮನೆಯಲ್ಲಿ ಹಳೆಯ ಅಗಲ ಬಾಯಿಯ ಪಾತ್ರೆಯೇ ಮೇಲು. ಮಾಂಸಾಹಾರದ ಮನೆಗಳಿಗೂ ಇದೇ ಸೂತ್ರ ಅನ್ವಯ. ಕೋಳಿ, ಕುರಿಯ ಬೆಂದ ತುಂಡುಗಳಲ್ಲಿ ಬೇಕಾದ ಪ್ರೋಟೀನ್ ಇರುತ್ತದೆ, ಬೇಡದ ಲವಣ ಹೆಚ್ಚಾಗಿ ಸಾರಿಗೆ ಇಳಿದಿರುತ್ತದೆ, ಶಕ್ತಿ ಬರಲಿ ಎಂದು ಕುಡಿಸುವ ಕಾಲು ಸೂಪಿನಿಂದ ಅನುಕೂಲಕ್ಕಿಂತ ಹಾನಿಯೇ ಹೆಚ್ಚು.

ಹಬ್ಬದ ಅಡುಗೆಯಲ್ಲೂ ಇದೇ ದೃಷ್ಟಿಯಿಂದ ದಾರಿ ಹುಡುಕಬಹುದು. ಯುಗಾದಿಯ ಒಬ್ಬಟ್ಟಿನ ಹೂರಣಕ್ಕೆ ಬೇಳೆಯನ್ನು ಬೇಯಿಸಿ ಬಸಿದೇ ರುಬ್ಬುತ್ತಾರೆ, ಕಟ್ಟು ಒಬ್ಬಟ್ಟಿನ ಸಾರಿಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದ ರೋಗಿಗೆ ಬೆಲ್ಲದ ಬದಲು ಸಕ್ಕರೆ ಹಾಕಿದ ಒಂದು ಒಬ್ಬಟ್ಟು, ಸಾರಿಲ್ಲದೆ, ಹೆಚ್ಚಿನ ತೊಂದರೆ ಮಾಡದು. ಬೆಲ್ಲದಲ್ಲಿ ಕಬ್ಬಿನ ಲವಣಗಳು ಉಳಿದಿರುತ್ತವೆ, ಬಿಳಿ ಸಕ್ಕರೆಯಲ್ಲಿ ಉಳಿದಿರುವುದಿಲ್ಲ ಎಂಬ ಕಾರಣಕ್ಕೆ, ಉಳಿದೆಲ್ಲರಿಗೆ ಹೇಳುವುದಕ್ಕೆ ತದ್ವಿರುದ್ಧವಾದ ಸಲಹೆಯನ್ನು ಇವರಿಗೆ ಕೊಡಬೇಕಾಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಮಾತ್ರ ಅಂಥ ದಾರಿಯಿಲ್ಲ. ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಬೆಲ್ಲ ಐದೂ ಪೊಟ್ಯಾಸಿಯಂ, ರಂಜಕಗಳ ಗಣಿ. ಶಾಸ್ತ್ರಕ್ಕೆ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವುದರಲ್ಲಿ ಮುಗಿಸಬೇಕು. ಹಣ್ಣುಗಳಲ್ಲಿ ಧಾರೆಹುಳಿ ಅಥವಾ ಕಮರಾಕ್ಷಿ ಎಂದು ಕರೆಯುವ ಐದು ಏಣಿನ ಹಣ್ಣನ್ನು ಚೂರೂ ತಿನ್ನಬಾರದು. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲಿನ ಸಂಶೋಧಕರು 2013ರಲ್ಲಿ ಗುರುತಿಸಿದರು. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ಕೆಟ್ಟ ಮೂತ್ರಪಿಂಡದವರಿಗೆ ಬಿಡದ ಬಿಕ್ಕಳಿಕೆ, ಮಂಕು, ಸೆಳವು ಬಂದು ಸಾವೂ ಸಂಭವಿಸಬಹುದು.

ಉಪ್ಪು ಮತ್ತು ನೀರಿನ ನಿಯಮವನ್ನು ಎರಡು ಬೇರೆ ನಿಯಮಗಳಾಗಿ ಹೇಳುವುದೇ ಬಹುತೇಕ ತಪ್ಪಿಗೆ ಮೂಲ. ದೇಹದ ದ್ರವದ ಹದ ಉಳಿಯಲು ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಸಾಟಿ. ಆದ್ದರಿಂದ ಅಷ್ಟು ಉಪ್ಪು ತಿಂದವರಿಗೆ ಆ ಲೀಟರ್ ನೀರು ಕುಡಿಯುವವರೆಗೆ ಬಾಯಾರಿಕೆ ಅಡಗುವುದಿಲ್ಲ. ಉಪ್ಪು ಕಡಿಮೆ ಮಾಡದೆ ನೀರನ್ನು ಮಾತ್ರ ಅಳೆದು ಕೊಡುವುದು ರೋಗಿಗೆ ಕೊಡುವ ಶಿಕ್ಷೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವ ಮಿತಿಯೇ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಬಿಟ್ಟು, ಮನೆಯ ಅಡುಗೆಗೆ ಉಪ್ಪು ಹಾಕುವ ಮೊದಲೇ ರೋಗಿಯ ಪಾಲನ್ನು ತೆಗೆದಿಟ್ಟು, ಅದಕ್ಕೆ ಜೀರಿಗೆ, ಮೆಣಸು, ಬೆಳ್ಳುಳ್ಳಿ, ಶುಂಠಿ, ಕರಿಬೇವಿನ ಒಗ್ಗರಣೆಯನ್ನು ಗಟ್ಟಿಯಾಗಿ ಕೊಟ್ಟರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಸೈಂಧವ ಉಪ್ಪು ಅಥವಾ ಇಂದುಪ್ಪು ನಿರಪಾಯವೆಂಬ ನಂಬಿಕೆ ಸುಳ್ಳು, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪು ಅದಕ್ಕಿಂತ ಕೆಟ್ಟದ್ದು. ಸೋಡಿಯಂ ಬದಲಿಗೆ ಅದಕ್ಕೆ ಸೇರಿಸುವುದು ಪೊಟ್ಯಾಸಿಯಂ ಕ್ಲೋರೈಡ್.

ನೀರಿನ ಮಿತಿಯನ್ನು ಸಾಮಾನ್ಯವಾಗಿ ಹಿಂದಿನ ದಿನ ಹೋದ ಮೂತ್ರದ ಪ್ರಮಾಣಕ್ಕೆ ಅರ್ಧ ಲೀಟರಿನಷ್ಟು ಸೇರಿಸಿ ಗೊತ್ತುಮಾಡುತ್ತಾರೆ; ಕಾಫಿ, ಮಜ್ಜಿಗೆ, ಸಾರು, ಗಂಜಿ, ಮಾತ್ರೆ ನುಂಗುವ ನೀರು ಎಲ್ಲವೂ ಅದರೊಳಗೇ ಬರಬೇಕು. ಬೆಳಿಗ್ಗೆ ಅಳೆದ ನೀರನ್ನು ಒಂದು ಬಾಟಲಿಗೆ ತುಂಬಿ, ಬೇರೆ ಏನು ಕುಡಿದರೂ ಅಷ್ಟೇ ಪ್ರಮಾಣವನ್ನು ಆ ಬಾಟಲಿಯಿಂದ ಗಿಡಕ್ಕೆ ಸುರಿಯುತ್ತ ಬಂದರೆ, ಓದುಬರಹ ಬಾರದವರಿಗೂ ದಿನದ ಲೆಕ್ಕ ಕಣ್ಣಿಗೆ ಕಾಣುತ್ತದೆ. ದ್ರವ ತುಂಬಿಕೊಳ್ಳದ ದೇಹದ ತೂಕವನ್ನು ಡಯಾಲಿಸಿಸ್ ಘಟಕಗಳಲ್ಲಿ ಡ್ರೈ ವೇಟ್ ಎನ್ನುತ್ತಾರೆ. ಒಂದು ಸರದಿಯಿಂದ ಇನ್ನೊಂದಕ್ಕೆ ತೂಕ ಆ ಮಟ್ಟದ ಮೇಲೆ ನೂರಕ್ಕೆ ನಾಲ್ಕು ನಾಲ್ಕೂವರೆಗಿಂತ ಹೆಚ್ಚು ಏರಿದರೆ, ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಸೆಳೆಯುವಾಗ ರಕ್ತದೊತ್ತಡ ಕುಸಿದು, ಕಾಲಿನ ಸ್ನಾಯು ಹಿಡಿದುಕೊಂಡು ರೋಗಿ ನರಳಬೇಕಾಗುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಹೋಗುವವರಿಗೆ ಶುಕ್ರವಾರದಿಂದ ಸೋಮವಾರದವರೆಗಿನ ಅಂತರ ಉಳಿದ ಅಂತರಗಳಿಗಿಂತ ಒಂದು ದಿನ ಉದ್ದ. ಅಮೆರಿಕದ ಸುಮಾರು 32 ಸಾವಿರ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ, ಸಾವು ಮತ್ತು ಹೃದಯದ ತೊಂದರೆಗಳು ಆ ಉದ್ದದ ಅಂತರದ ಕೊನೆಗೆ ಹೆಚ್ಚುತ್ತವೆ ಎಂದು ಕಂಡುಕೊಂಡಿತು. ಮದುವೆ, ಗೃಹಪ್ರವೇಶ, ಬಾಡೂಟಗಳು ಹೆಚ್ಚಾಗಿ ಬೀಳುವುದೂ ಅದೇ ಭಾನುವಾರ. ವಾರಕ್ಕೆ ಎರಡೇ ಸರದಿ ಸಿಗುವವರಿಗೆ ಇಂಥ ಉದ್ದದ ಅಂತರ ವಾರವಿಡೀ ಇರುವುದರಿಂದ ಅವರ ಪಥ್ಯ ಇನ್ನೂ ಬಿಗಿಯಾಗಿರಬೇಕು.

ಪ್ರೋಟೀನ್ ವಿಚಾರದಲ್ಲಿ ರೋಗಿಗಳು ವೈದ್ಯರ ಮಾತು ಬದಲಾಯಿತೆಂದು ತಿಳಿಯುವುದುಂಟು, ಯಾಕೆಂದರೆ ಅದು ನಿಜವಾಗಿಯೂ ತಿರುಗುಮುರುಗಾಗುತ್ತದೆ. ಡಯಾಲಿಸಿಸ್ ಶುರುವಾಗುವ ಮೊದಲು ಯೂರಿಯಾ ಹೊರೆ ತಗ್ಗಿಸಲು ದೇಹದ ಪ್ರತಿ ಕಿಲೋ ತೂಕಕ್ಕೆ 0.6ರಿಂದ 0.8 ಗ್ರಾಂ ಸಾಕೆಂದು ಹೇಳಿ, ಶುರುವಾದ ಮೇಲೆ 1ರಿಂದ 1.2 ಗ್ರಾಂ ಬೇಕೆನ್ನುತ್ತಾರೆ. ಪ್ರತಿ ಸರದಿಯಲ್ಲೂ ಯಂತ್ರ ಕೆಲವು ಗ್ರಾಂ ಅಮೈನೋ ಆಮ್ಲಗಳನ್ನು ರಕ್ತದಿಂದ ಒಯ್ಯುವುದು ಇದಕ್ಕೆ ಒಂದು ಕಾರಣ. 50 ಕಿಲೋ ತೂಗುವವರಿಗೆ ದಿನಕ್ಕೆ 50ರಿಂದ 60 ಗ್ರಾಂ ಬೇಕು. 300 ಗ್ರಾಂ ಅಕ್ಕಿಯಿಂದ ಸುಮಾರು 24, ಬಸಿದ 50 ಗ್ರಾಂ ಬೇಳೆಯಿಂದ 11, ಒಂದು ಲೋಟ ಹಾಲಿನಿಂದ 6 ಗ್ರಾಂ ಸಿಕ್ಕಿದರೂ ಇನ್ನೂ ಸುಮಾರು ಹತ್ತರಿಂದ ಇಪ್ಪತ್ತು ಗ್ರಾಂ ಬಾಕಿ ಉಳಿಯುತ್ತದೆ. ಪ್ರತಿಯೊಂದರಲ್ಲೂ ಸುಮಾರು ಮೂರೂವರೆ ಗ್ರಾಂ ಪ್ರೋಟೀನ್ ಇದ್ದು ರಂಜಕ ಇಲ್ಲವೆನ್ನುವಷ್ಟು ಕಡಿಮೆ ಇರುವ ಮೊಟ್ಟೆಯ ಬಿಳಿಭಾಗ ಇದಕ್ಕೆ ಅತ್ಯುತ್ತಮ. ಮೊಟ್ಟೆ ಮುಟ್ಟದ ಮನೆಗಳು ಈ ಸೀಮೆಯಲ್ಲಿ ಬಹಳವಿದ್ದು, ಅಲ್ಲಿ ಮನೆಯಲ್ಲೇ ಹಾಲು ಒಡೆದು, ನೀರು ಬಸಿದು, ಉಪ್ಪಿಲ್ಲದೆ ಮಾಡಿದ ಪನೀರನ್ನು ಸ್ವಲ್ಪ ಸೇರಿಸುವುದೊಂದು ದಾರಿ. ನಂಬಿಕೆ ಬಿಟ್ಟು ಮೊಟ್ಟೆ ತಿನ್ನಿ ಎಂದು ಒತ್ತಾಯಿಸಿದರೆ ರೋಗಿ ಆಸ್ಪತ್ರೆಯಲ್ಲಿ ತಲೆಯಾಡಿಸಿ ಬರುತ್ತಾರೆ, ಮನೆಯಲ್ಲಿ ಏನನ್ನೂ ಬದಲಿಸುವುದಿಲ್ಲ. ಹಾಲು, ಪನೀರು ಹೆಚ್ಚಿದಂತೆ ರಂಜಕವೂ ಹೆಚ್ಚುವುದರಿಂದ ಅದನ್ನು ಕರುಳಿನಲ್ಲೇ ಹಿಡಿದಿಡುವ ಕ್ಯಾಲ್ಸಿಯಂ ಅಸಿಟೇಟ್, ಸೆವೆಲಮರ್‌ನಂಥ ಮಾತ್ರೆ ಕೊಡುತ್ತಾರೆ. ಇವನ್ನು ಊಟದ ಜೊತೆಗೇ ನುಂಗಬೇಕು, ಊಟವಾಗಿ ಹೊತ್ತಾದ ಮೇಲೆ ನುಂಗಿದ್ದು ವ್ಯರ್ಥ. ಮೈಯೆಲ್ಲ ತುರಿಕೆ, ಮೂಳೆ ನೋವು ರಂಜಕ ಏರಿದ್ದರ ಸೂಚನೆಗಳಾಗಿರಬಹುದು.

ಸಕ್ಕರೆ ಕಾಯಿಲೆಯೂ ಜೊತೆಗಿರುವವರ ಪಾಡು ಹೆಚ್ಚು ಕಠಿಣ. ಹತ್ತಾರು ವರ್ಷ ಅನ್ನ ಬಿಡಿ, ಮುದ್ದೆ ತಿನ್ನಿ, ಕಾಳುಸೊಪ್ಪು ಹೆಚ್ಚಿಸಿ ಎಂದು ಕೇಳಿಸಿಕೊಂಡು ಶ್ರದ್ಧೆಯಿಂದ ಪಾಲಿಸಿದವರಿಗೆ ಒಂದು ದಿನ ಎಲ್ಲವನ್ನೂ ತಲೆಕೆಳಗು ಮಾಡಿ ಹೇಳಲಾಗುತ್ತದೆ, ಎರಡೂ ಚೀಟಿಗಳು ಗೋಡೆಯ ಮೇಲೆ ಪಕ್ಕಪಕ್ಕದಲ್ಲೇ ಇರುತ್ತವೆ. ಇನ್ಸುಲಿನ್ ಅನ್ನು ದೇಹದಿಂದ ತೆಗೆಯುವುದರಲ್ಲಿ ಮೂತ್ರಪಿಂಡದ ಪಾತ್ರವೂ ಇರುವುದರಿಂದ, ಅದು ಸೋತಾಗ ಮೊದಲಿನ ಪ್ರಮಾಣದ ಔಷಧಿಗೇ ಸಕ್ಕರೆ ಅಂಶ ದಿಢೀರನೆ ಇಳಿಯಬಹುದು. ಆಗ ಗಾಬರಿಯಲ್ಲಿ ಎಳನೀರು, ಕಿತ್ತಳೆ ರಸ, ಬಾಳೆಹಣ್ಣು ಕೊಡದೆ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕುಡಿಸಬೇಕೆಂಬುದು ಮನೆಯ ಎಲ್ಲರಿಗೂ ತಿಳಿದಿರಬೇಕು.

ಒಂದು ನಾಡಿನ ಊಟವನ್ನು ಇಟ್ಟುಕೊಂಡೇ ಪಥ್ಯ ಕಟ್ಟುವುದು ಹೊಸ ಆಲೋಚನೆಯೇನಲ್ಲ. ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರಕ್ತನಾಳಕ್ಕೆ ಕಾಯಂ ನಳಿಕೆ ಜೋಡಿಸಿ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವ ದಾರಿ ತೋರಿಸಿದ್ದರೂ, ಯಂತ್ರಗಳು ಬೆರಳೆಣಿಕೆಯಷ್ಟಿದ್ದ ಆ ದಿನಗಳಲ್ಲಿ ಬಹುಪಾಲು ರೋಗಿಗಳಿಗೆ ಪಥ್ಯವೊಂದೇ ಚಿಕಿತ್ಸೆಯಾಗಿತ್ತು. ಇಟಲಿಯಲ್ಲಿ ಕಾರ್ಮೆಲೊ ಜೋರ್ಡಾನೊ 1963ರಲ್ಲಿ, ಸೆರ್ಜಿಯೊ ಜೊವನೆಟ್ಟಿ ಮತ್ತು ಮಜ್ಜೋರೆ 1964ರಲ್ಲಿ ಪ್ರೋಟೀನ್ ಅತಿ ಕಡಿಮೆಯಿರುವ ಪಥ್ಯವನ್ನು ರೂಪಿಸಿದಾಗ, ಇಟಲಿಯವರ ದಿನದ ಊಟವಾದ ಪಾಸ್ತಾ, ಬ್ರೆಡ್ಡುಗಳನ್ನು ಕಿತ್ತುಕೊಳ್ಳದೆ, ಪ್ರೋಟೀನ್ ತೆಗೆದ ಗೋಧಿಯ ಪಿಷ್ಟದಿಂದ ಅವನ್ನೇ ಮಾಡಿಸಿ ಉಣಿಸಿದರು. ಅದೇ ಪಥ್ಯವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ತಂದ ಜೆಫ್ರಿ ಬರ್ಲಿನ್ 1965ರ ಹೊತ್ತಿಗೆ ಅದನ್ನು ಆ ನಾಡಿನ ನಾಲಿಗೆಗೆ ಹೊಂದಿಸಿದರು. ಪಾಸ್ತಾಕ್ಕೆ ಸಿಕ್ಕ ಗೌರವ ಮುದ್ದೆ, ಬಸ್ಸಾರುಗಳಿಗೆ ಇನ್ನೂ ಸಿಕ್ಕಿಲ್ಲ.

ಕೇಂದ್ರ ಸರ್ಕಾರ 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿದ ನಂತರ ಜಿಲ್ಲಾ ಆಸ್ಪತ್ರೆಗಳಲ್ಲಿ, ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೂ, ಡಯಾಲಿಸಿಸ್ ಸೌಲಭ್ಯ ಹರಡಿದ್ದು ದೊಡ್ಡ ಉಪಕಾರವೇ ಸರಿ. ಆದರೆ ಸಣ್ಣ ಊರಿನ ಘಟಕಗಳಲ್ಲಿ ಸಾಮಾನ್ಯವಾಗಿ ರೋಗಿಯ ಹತ್ತಿರ ಇರುವವರು ದಾದಿ ಮತ್ತು ಯಂತ್ರ ನಡೆಸುವ ತಂತ್ರಜ್ಞರು. ಮೂತ್ರಪಿಂಡ ತಜ್ಞರು ದೂರದ ನಗರದಲ್ಲಿರುತ್ತಾರೆ, ಆಹಾರ ತಜ್ಞರು ಸಿಗುವುದು ದುರ್ಲಭ. ನಾಲ್ಕು ಗಂಟೆ ಹಾಸಿಗೆಯ ಮೇಲಿರುವ ರೋಗಿಗೂ ಹೊರಗೆ ಬೆಂಚಿನ ಮೇಲೆ ಕಾಯುವ ಹೆಂಡತಿಗೋ ಸೊಸೆಗೋ ಪಥ್ಯ ಕಲಿಸಲು ಆ ಘಟಕಕ್ಕಿಂತ ತಕ್ಕ ಜಾಗ ಬೇರೆ ಇಲ್ಲ, ಏಕೆಂದರೆ ಬಸಿಯುವವರು, ಉಪ್ಪು ಹಾಕುವ ಮೊದಲು ಪಾಲು ತೆಗೆದಿಡುವವರು ಆ ಬೆಂಚಿನ ಮೇಲಿರುವವರೇ. ವೈದ್ಯರ ಬಳಿಗೆ ಹೋಗುವಾಗ ರಕ್ತಪರೀಕ್ಷೆಯ ವರದಿಯ ಜೊತೆಗೆ ಹಿಂದಿನ ವಾರದ ಊಟದ ಲೆಕ್ಕವನ್ನು ಮುದ್ದೆ, ಸೌಟು, ಲೋಟಗಳ ಅಳತೆಯಲ್ಲೇ ಬರೆದೊಯ್ಯಬೇಕು. ಪೊಟ್ಯಾಸಿಯಂ ಏರಿದ್ದು ಕಂಡಾಗ ತಿಂದದ್ದನ್ನು ಮಾತ್ರ ನೋಡದೆ, ಸರದಿ ತಪ್ಪಿತ್ತೇ, ಮಲಬದ್ಧತೆ ಇತ್ತೇ, ರಕ್ತದೊತ್ತಡದ ಮಾತ್ರೆ ಬದಲಾಗಿತ್ತೇ ಎಂದೂ ವಿಚಾರಿಸಬೇಕು. ಮೂತ್ರಪಿಂಡ ಸೋತವರಲ್ಲಿ ಕರುಳು ಸಾಕಷ್ಟು ಪೊಟ್ಯಾಸಿಯಂ ಹೊರಹಾಕುವುದರಿಂದ ಹೊಟ್ಟೆ ಕಟ್ಟಿದರೂ ಅದು ಏರುತ್ತದೆ, ಸೊಪ್ಪು ತರಕಾರಿಯನ್ನು ಪೂರ್ತಿ ಬಿಡಿಸಿದರೆ ಹೊಟ್ಟೆ ಕಟ್ಟುವುದು ಹೆಚ್ಚುತ್ತದೆ. ಈ ಕಾರಣಕ್ಕೆ ಸೋರೆ, ಹೀರೆ, ಪಡವಲ, ಸೀಮೆಬದನೆಗಳನ್ನು ಹೆಚ್ಚಿ, ಬೇಯಿಸಿ, ಬಸಿದು, ಒಂದು ಹಿಡಿ ಕಾಯಿತುರಿಯ ಜೊತೆ ದಿನವೂ ಬಡಿಸುವುದು ಪಥ್ಯದೊಳಗಿನ ಮಾತೇ ಆಗಿದೆ.